ಅವ್ನಿಗೆ ಯೋಳಮ್ಮ

ನಮ್ಮ ಮನೆಯ ತಾರಸಿಯಲ್ಲಿ, ನೀರಿನ ಟ್ಯಾಂಕಿನ ಪಕ್ಕ, ಒಂದು ನೀಲಿ ಪ್ಲಾಸ್ಟಿಕ್ ಸ್ಟೂಲು ಬಿದ್ದಿದೆ. ಬಿಸಿಲಿಗೆ ಬಣ್ಣ ಹೋಗಿದೆ, ನಡುವೆ ಬಿರುಕು ಬಿಟ್ಟಿದೆ, ಕೂತರೆ ಸೀರೆಯನ್ನು ಕಚ್ಚಿ ಹಿಡಿಯುತ್ತದೆ. ಹಳೇ ಸಾಮಾನಿನವನು ಗಾಡಿ ತಂದಾಗಲೆಲ್ಲ ನನ್ನ ಗಂಡ ಮಂಜುನಾಥ್ ಅದನ್ನು ಕೊಟ್ಟು ಕಳಿಸು ಅನ್ನುತ್ತಾರೆ. ನಾನು ಕೇಳಿಸದವಳಂತೆ ಒಳಗೆ ಹೋಗಿಬಿಡುತ್ತೇನೆ. ಎರಡು ವರ್ಷದ ಹಿಂದೆ ನಾನು ಮನಸ್ಸಿಗೆ ಚಿಕಿತ್ಸೆ ತೆಗೆದುಕೊಂಡದ್ದು ಆ ಸ್ಟೂಲಿನ ಮೇಲೆ ಕೂತು, ಫೋನನ್ನು ಟ್ಯಾಂಕಿನ ಪೈಪಿಗೆ ಒರಗಿಸಿಕೊಂಡು.

ಚಿಕಿತ್ಸೆ ಅಂದ ಕೂಡಲೇ ನೀವು ಮುಖ ಸಣ್ಣ ಮಾಡಿಕೊಳ್ಳಬೇಡಿ. ನನಗೆ ತಲೆ ಕೆಟ್ಟಿರಲಿಲ್ಲ. ತಲೆ ಕೆಡಿಸಿಕೊಳ್ಳುವುದಕ್ಕೂ ಸ್ವಲ್ಪ ಪುರುಸೊತ್ತು ಬೇಕು, ಅದು ನನಗೆ ಎಲ್ಲಿತ್ತು? ನನಗಿದ್ದದ್ದು ತಲೆನೋವು. ಬಲಗಣ್ಣಿನ ಮೇಲೆ ಹತ್ತಿ, ಹಣೆ ದಾಟಿ, ಕತ್ತಿನ ಹಿಂದೆ ಇಳಿದು, ಅಲ್ಲೇ ಬಾಡಿಗೆಗೆ ಕೂರುವ ತಲೆನೋವು. ಹೆಬ್ಬಾಳದ ಡಾಕ್ಟರು ಕಣ್ಣು ನೋಡಿದರು, ಬಿಪಿ ನೋಡಿದರು, ಕೊನೆಗೆ "ಮನೇಲೇನಾದ್ರೂ ಟೆನ್ಷನ್ ಇದೆಯಾಮ್ಮ?" ಎಂದು ಕೇಳಿದರು. ನಾನು ನಕ್ಕೆ. ಅವರು ನಗಲಿಲ್ಲ.

ಟೆನ್ಷನ್ ಇತ್ತು. ಅದಕ್ಕೊಂದು ಹೆಸರಿರಲಿಲ್ಲ ಅಷ್ಟೇ. ನಮ್ಮ ಮನೆಯಲ್ಲಿ ಮಾವ ಮತ್ತು ನನ್ನ ಗಂಡ ಒಬ್ಬರಿಗೊಬ್ಬರು ಮಾತಾಡುತ್ತಿರಲಿಲ್ಲ. ಹಾಗಂತ ಮನೆ ನಿಶ್ಶಬ್ದವಾಗಿತ್ತು ಎಂದುಕೊಂಡರೆ ತಪ್ಪು. ಬೆಳಗಿನಿಂದ ಸಂಜೆಯವರೆಗೆ ಮಾತೋ ಮಾತು. ಎಲ್ಲವೂ ನನ್ನ ಮೂಲಕ. ಇಬ್ಬರೂ ಊಟಕ್ಕೆ ಎದುರುಬದುರು ಕೂತಿರುತ್ತಾರೆ ಅನ್ನಿ. ಮಾವ ಮುದ್ದೆ ಮುರಿಯುತ್ತ ನನ್ನ ಕಡೆ ನೋಡಿ ಶುರು ಮಾಡುತ್ತಾರೆ.

"ಅವ್ನಿಗೆ ಯೋಳಮ್ಮ, ಸಂಪಲ್ಲಿ ನೀರಿಲ್ಲ, ಟ್ಯಾಂಕರ್‌ನೋರಿಗೆ ಫೋನ್ ಮಾಡ್ಬೇಕು ಅಂತ."

ನಾನು ಸಾರಿನ ಸೌಟು ಹಿಡಿದುಕೊಂಡೇ ಗಂಡನ ಕಡೆ ತಿರುಗಬೇಕು. "ರೀ, ಸಂಪಲ್ಲಿ ನೀರಿಲ್ವಂತೆ, ಟ್ಯಾಂಕರ್‌ಗೆ ಫೋನ್ ಮಾಡ್ಬೇಕಂತೆ."

"ಮಾಡಾಯ್ತು ಅಂತ ಹೇಳು. ಮಧ್ಯಾಹ್ನ ಬರುತ್ತೆ."

"ಮಾವ, ಮಾಡಿದಾರಂತೆ. ಮಧ್ಯಾಹ್ನ ಬರುತ್ತಂತೆ."

"ಓದ್ಸಾರಿ ತಂದಂಗೆ ಕೆಸರು ನೀರು ತಂದ್ರೆ ವಾಪಸ್ ಕಳ್ಸು ಅನ್ನು."

ಇಬ್ಬರ ಕಿವಿಯೂ ಚುರುಕು. ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ಪೂರ್ತಿ ಕೇಳಿಸಿರುತ್ತದೆ. ಆದರೂ ನಾನು ಹೇಳುವ ತನಕ ಅದು ಮುಟ್ಟಿದ ಲೆಕ್ಕವಲ್ಲ. ನನ್ನ ಬಾಯಲ್ಲಿ ತುತ್ತಿದ್ದರೆ ನಾನು ನುಂಗುವ ತನಕ ಇಬ್ಬರೂ ಕಾಯುತ್ತಾರೆ. ನಾನು ನೀರು ಕುಡಿಯಲು ಲೋಟ ಎತ್ತಿದರೆ, ಇವಳಿಗೇನು ಇಷ್ಟು ನಿಧಾನ ಎಂಬಂತೆ ನೋಡುತ್ತಾರೆ. ನಮ್ಮ ಮಗಳು ದೀಪಾ ಪಿಯುಸಿಗೆ ಸೇರಿದ ವರ್ಷವೇ, "ನಾನೇನು ಈ ಮನೆ ಇಂಟರ್‌ಕಾಮ್ ಅಲ್ಲ" ಎಂದು ಹೇಳಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡವಳು, ತೆಗೆದೇ ಇರಲಿಲ್ಲ. ಬುದ್ಧಿವಂತೆ.

ಇದೆಲ್ಲ ಶುರುವಾದದ್ದು ಒಂದು ಖಾಲಿ ಕೊಟ್ಟಿಗೆಯಿಂದ. ನಮ್ಮದು ಯಲಹಂಕದ ಪಕ್ಕದ ಕೋಗಿಲಿನ ಹಳೇ ಮನೆತನ. ರಾಗಿ ಬೆಳೆಯುತ್ತಿದ್ದ ಹೊಲವೆಲ್ಲ ಲೇಔಟ್ ಆಗಿ, ಕಣ ಮಾಡುತ್ತಿದ್ದ ಜಾಗದಲ್ಲಿ ಈಗ ಹುಡುಗರು ಜಿಮ್ಮಿಗೆ ಬಂದು ಕಬ್ಬಿಣ ಎತ್ತುತ್ತಾರೆ. ಹಸುಗಳನ್ನು ಮಾವನೇ ಮಾರಿದ್ದರು. ಆದರೆ ಮನೆಯ ಹಿಂದಿನ ಕೊಟ್ಟಿಗೆಯನ್ನು ಮಾತ್ರ ದಿನಾ ಗುಡಿಸುತ್ತಿದ್ದರು. ಹಸುವಿಲ್ಲದ ಕೊಟ್ಟಿಗೆಯನ್ನು ಗುಡಿಸುವುದೇಕೆ ಎಂದು ನಾನೊಮ್ಮೆ ಕೇಳಿದ್ದಕ್ಕೆ, "ಅಬ್ಯಾಸ ಕಣಮ್ಮ" ಅಂದಿದ್ದರು. ಅವರು ದೇವನಹಳ್ಳಿಯ ಮಗಳ ಮನೆಗೆ ಹೋಗಿದ್ದಾಗ ನನ್ನ ಗಂಡ ಆ ಕೊಟ್ಟಿಗೆಯನ್ನು ಕೆಡವಿಸಿ, ತಮ್ಮ ಹಾರ್ಡ್‌ವೇರ್ ಅಂಗಡಿಯ ಮಾಲು ಇಡಲು ಶೀಟಿನ ಗೋಡೌನ್ ಹಾಕಿಸಿದರು. ಹೇಳಿದರೆ ಬೇಡ ಅನ್ನುತ್ತಾರೆ, ಆದಮೇಲೆ ಸುಮ್ಮನಾಗುತ್ತಾರೆ ಎಂದು ಇವರ ಲೆಕ್ಕಾಚಾರ. ಮಾವ ಬಂದರು, ಹಿತ್ತಲಿಗೆ ಹೋದರು, ಹಿಂದಿರುಗಿ ಬಂದು ಕೈಯಲ್ಲಿದ್ದ ಚೀಲವನ್ನು ಕೆಳಗಿಟ್ಟು, "ಅವ್ನಿಗೆ ಯೋಳಮ್ಮ, ಇನ್ಮೇಲೆ ಅವ್ನಿಗೂ ನಂಗೂ ಮಾತಿಲ್ಲ ಅಂತ" ಅಂದರು. ನಾನು ಹೇಳಿದೆ. ಅದೇ ನಾನು ದಾಟಿಸಿದ ಮೊದಲ ಮಾತು. ಅಲ್ಲಿಂದ ಆರೇಳು ವರ್ಷ ನನಗೆ ಒಂದು ದಿನ ರಜೆ ಸಿಗಲಿಲ್ಲ.

ನನ್ನ ತವರು ಬಾಗಲಗುಂಟೆ. ಅಲ್ಲಿ ಇಂಥ ನಾಜೂಕು ಇರಲಿಲ್ಲ. ಅಪ್ಪ ಅಮ್ಮ ಜಗಳವಾಡಿದರೆ ನಲ್ಲಿ ಹತ್ತಿರ ಬಿಂದಿಗೆ ಇಟ್ಟುಕೊಂಡು ನಿಂತವರೆಲ್ಲ ನೀರು ಹಿಡಿಯುವುದನ್ನು ಬಿಟ್ಟು ಕೇಳುತ್ತಿದ್ದರು. ಪೀಣ್ಯದ ಕಾರ್ಖಾನೆಯ ಸೈರನ್ ಆಗುವ ಹೊತ್ತಿಗೆ ಜಗಳ ಮುಗಿದು ಅಮ್ಮ ಅಪ್ಪನ ಕ್ಯಾರಿಯರ್‌ಗೆ ಎರಡು ಚಪಾತಿ ಜಾಸ್ತಿ ಹಾಕಿರುತ್ತಿದ್ದಳು. ಮಾತು ಬಿಡುವುದನ್ನು ಚೆನ್ನಾಗಿ ಬಲ್ಲವರೆಂದರೆ ನಮ್ಮಜ್ಜಿ ಮತ್ತು ಪಕ್ಕದ ಮನೆಯ ಸರೋಜಮ್ಮ. ಇಬ್ಬರ ನಡುವೆ ಇದ್ದದ್ದು ಒಂದು ಮೊಣಕಾಲೆತ್ತರದ ಗೋಡೆ ಮತ್ತು ಅದರಾಚೆಯ ನುಗ್ಗೆಮರ. ಅಜ್ಜಿ ನನ್ನನ್ನು ಕರೆದು, "ಆ ಗಯ್ಯಾಳಿಗೆ ಹೋಗಿ ಹೇಳು, ಅವರ ಮರದ ಎಲೆ ಗುಡಿಸೋಕೆ ನಾನೇನು ಅವರ ಮನೆ ಆಳಲ್ಲ" ಅನ್ನುತ್ತಿದ್ದಳು. ನಾನು ಲಂಗ ಎತ್ತಿಕೊಂಡು ಗೋಡೆ ದಾಟುವಷ್ಟರಲ್ಲಿ ಮಾತು ಬೇರೆಯಾಗಿರುತ್ತಿತ್ತು. "ಸರೋಜಮ್ಮತ್ತೇ, ಅಜ್ಜಿಗೆ ಸೊಂಟ ನೋವು, ಎಲೆ ಗುಡಿಸೋಕೆ ಆಗ್ತಿಲ್ಲವಂತೆ." ಸರೋಜಮ್ಮ ಅಯ್ಯೋ ಪಾಪ ಎಂದು ಪೊರಕೆ ಹಿಡಿದು ಬಂದು ಎಲ್ಲ ಗುಡಿಸಿ, ಗೋಡೆಯ ಮೇಲೆ ಒಂದು ಕಂತೆ ನುಗ್ಗೆಕಾಯಿ ಇಟ್ಟು ಹೋಗುತ್ತಿದ್ದಳು. ಅಜ್ಜಿ ಕಿಟಕಿಯಿಂದ ನೋಡಿ, "ಕಂಡ್ಯಾ, ಜೋರು ಮಾಡಿದ್ರೆ ಹೇಗೆ ಬಗ್ತಾಳೆ" ಎಂದು ನನಗೆ ಪಾಠ ಹೇಳುತ್ತಿದ್ದಳು. ನಾನು ನುಗ್ಗೆಕಾಯಿ ಸಾರು ತಿಂದುಕೊಂಡು ಸುಮ್ಮನಿರುತ್ತಿದ್ದೆ.

ಆ ವಿದ್ಯೆಯೇ ನನಗೆ ಕೋಗಿಲಿನಲ್ಲಿ ಅನ್ನ ಹಾಕಿದ್ದು. "ಆ ಕತ್ತೆ ಮನೆಗೆ ಬತ್ತಾನೋ ಅಂಗ್ಡೀಲೇ ಮಲಗ್ತಾನೋ ಕೇಳು" ಎಂದು ಮಾವ ಹೇಳಿದರೆ ನಾನು ಫೋನಿನಲ್ಲಿ, "ಮಾವ ಊಟಕ್ಕೆ ಕಾಯ್ತಿದಾರೆ" ಅನ್ನುತ್ತಿದ್ದೆ. "ಆ ಮುದುಕನಿಗೆ ಬೇರೆ ಕೆಲ್ಸ ಇಲ್ಲ ಅನ್ನು" ಎಂದು ಇವರು ಹೇಳಿದರೆ ಮಾವನಿಗೆ ತಲುಪುವುದು "ಹೊರಟರಂತೆ ಮಾವ" ಎಂದು. ಬೈಗುಳವನ್ನೆಲ್ಲ ನಾನೇ ಇಟ್ಟುಕೊಂಡು ಉಳಿದದ್ದನ್ನು ಮುಂದಕ್ಕೆ ಕಳಿಸುತ್ತಿದ್ದೆ. ಹೀಗೆ ಉಳಿದ ಬೈಗುಳವೇ ಬಲಗಣ್ಣಿನ ಮೇಲೆ ಹತ್ತಿ ಕೂತಿತೋ ಏನೋ, ಯಾವ ಡಾಕ್ಟರೂ ಅದನ್ನು ಸ್ಕ್ಯಾನ್ ಮಾಡಿ ನೋಡಲಿಲ್ಲ.

ಆರ್.ಟಿ. ನಗರದಲ್ಲಿರುವ ನನ್ನ ತಂಗಿ ಲತಾಗೆ ಎಲ್ಲದಕ್ಕೂ ಒಂದು ಆ್ಯಪ್ ಗೊತ್ತು. ಫೋನಿನ ಡೇಟಾ ಇದ್ದಕ್ಕಿದ್ದಂತೆ ಅಗ್ಗವಾಗಿ, ತರಕಾರಿಯವಳೂ ವಿಡಿಯೊ ನೋಡುತ್ತಿದ್ದ ಕಾಲ ಅದು. "ಅಕ್ಕ, ಆನ್‌ಲೈನ್ ಕೌನ್ಸೆಲಿಂಗ್ ಅಂತ ಇದೆ ಕಣೇ. ಮನೆ ಬಿಟ್ಟು ಹೋಗೋದೇ ಬೇಡ. ಸುಮ್ನೆ ಅಳಿಸಿ ಕಳ್ಸಲ್ಲ, ಪ್ರಾಕ್ಟಿಕಲ್ಲಾಗಿ ಇಂತಿಂಥದ್ದು ಮಾಡಿ ಅಂತ ಹೇಳ್ತಾರೆ" ಎಂದು ನನ್ನ ಹೆಸರು ನೋಂದಾಯಿಸಿಯೇ ಬಿಟ್ಟಳು. ಮನೆ ಬಿಟ್ಟು ಹೋಗುವುದು ಬೇಡ ಎಂಬುದೇ ದೊಡ್ಡ ತೊಂದರೆ ಎಂದು ಅವಳಿಗೆ ಹೊಳೆಯಲಿಲ್ಲ. ನನಗೆ ಬೇಕಾಗಿದ್ದದ್ದು ವಾರಕ್ಕೊಮ್ಮೆ ಮನೆ ಬಿಟ್ಟು ಹೋಗುವುದೇ.

ಮನೆಯೊಳಗೆ ನೆಟ್‌ವರ್ಕ್ ಸಿಗುವುದಿಲ್ಲ. ಸಿಗುವುದು ತಾರಸಿಯಲ್ಲಿ, ಅದೂ ಟ್ಯಾಂಕಿನ ಪಕ್ಕ. ಮೇಲಿನ ಬಾಡಿಗೆಯವರು ಸರಿಯಾಗಿ ಆ ಹೊತ್ತಿಗೇ ಬಟ್ಟೆ ಒಣಹಾಕಲು ಬರುತ್ತಾರೆ, ಒಂದು ಲಂಗವನ್ನು ಎಷ್ಟು ಹೊತ್ತು ಕೊಡವಬಹುದೋ ಅಷ್ಟು ಹೊತ್ತು ಕೊಡವುತ್ತಾರೆ. ಮೊದಲ ದಿನ ಪರದೆಯ ಮೇಲೆ ಬಂದವಳು ನನ್ನ ಮಗಳಿಗಿಂತ ಸ್ವಲ್ಪ ದೊಡ್ಡವಳಿರಬಹುದಾದ ಒಬ್ಬ ಹುಡುಗಿ. ಹೆಸರು ನಿಖಿತಾ. ಕನ್ನಡಕ, ಹಿಂದೆ ಒಂದು ಹಸಿರು ಗಿಡದ ಕುಂಡ, ಮುಖದಲ್ಲಿ ಅಳಿಸಲಾಗದ ನಗು. ನಾನು ಅವಳನ್ನು ಮೇಡಂ ಅಂದೆ. ಅವಳೂ ನನ್ನನ್ನು ಮೇಡಂ ಅಂದಳು.

"ಮೊದಲು ಒಂದು ಡೀಪ್ ಬ್ರೆತ್ ತಗೊಳ್ಳಿ ಮೇಡಂ."

ತೆಗೆದುಕೊಂಡೆ. ಯಲಹಂಕದ ವಾಯುನೆಲೆಯಿಂದ ಎದ್ದ ಯುದ್ಧವಿಮಾನವೊಂದು ನೆತ್ತಿಯ ಮೇಲೆ ಹಾದು ಹೋಯಿತು. ಉಸಿರನ್ನು ಬಿಡಬೇಕೆಂದು ಅವಳು ಹೇಳಿದ್ದು ಆ ಸದ್ದಿನಲ್ಲಿ ಕೇಳದೆ, ಹಿಡಿದುಕೊಂಡೇ ಕೂತಿದ್ದೆ.

"ಈಗ ಹೇಳಿ ಮೇಡಂ, ನಿಮ್ಮ ಗೋಲ್ ಏನು?"

"ತಲೆನೋವು ಹೋಗ್ಬೇಕು ಮೇಡಂ."

"ಅದು ರಿಸಲ್ಟ್. ಗೋಲ್ ಅಂದ್ರೆ ನೀವು ಮಾಡೋ ಕೆಲಸ. ಚಿಕ್ಕದಿರಬೇಕು, ಒಂದು ವಾರದಲ್ಲಿ ಆಗ್ಬೇಕು, ಆಯ್ತೋ ಇಲ್ವೋ ಅಂತ ನಮಗೆ ಕಾಣ್ಬೇಕು."

ನನಗೆ ಮೈ ಉರಿಯಿತು. ಮನಸ್ಸು ಬಿಚ್ಚಿ ಹೇಳಿಕೊಳ್ಳೋಣ, ಯಾರಾದರೂ ಒಂದಿಷ್ಟು ಅಯ್ಯೋ ಅನ್ನಲಿ ಎಂದು ಸ್ಟೂಲು ಹೊತ್ತುಕೊಂಡು ಮೂರನೇ ಮಹಡಿ ಹತ್ತಿ ಬಂದರೆ, ಈ ಹುಡುಗಿ ನನ್ನ ಗಂಡನ ಅಂಗಡಿಗೆ ಬರುವ ಪೇಂಟ್ ಕಂಪನಿಯ ಸೇಲ್ಸ್‌ನವನ ಹಾಗೆ ವಾರದ ಟಾರ್ಗೆಟ್ ಕೇಳುತ್ತಾಳೆ. ಕೊನೆಗೆ ಅವಳೇ ಒಂದು ಗುರಿ ಕೊಟ್ಟಳು. ದಿನಾ ಸಂಜೆ ಸ್ವಲ್ಪ ಹೊತ್ತು ಒಬ್ಬಳೇ ಕೂತು ಕಾಫಿ ಕುಡಿಯಬೇಕು.

ಹಿತ್ತಲ ಬಾಗಿಲಲ್ಲಿ ಲೋಟ ಹಿಡಿದು ಕೂತೆ. ಮಾವ ಬಂದರು.

"ಯಾಕಮ್ಮ, ಒಬ್ಳೇ ಕೂತಿದೀಯ? ಮೈ ಉಸಾರಿಲ್ವಾ?"

"ಚೆನ್ನಾಗಿದೀನಿ ಮಾವ."

"ಇಲ್ಲ, ಮುಕ ಬಾಡದೆ. ಅವ್ನಿಗೆ ಯೋಳು, ಡಾಕ್ಟ್ರತ್ರ ಕರ್ಕೊಂಡೋಗು ಅಂತ."

ನನಗೆ ಹುಷಾರಿಲ್ಲದಿದ್ದರೆ ನನ್ನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕೆಂದು ನನ್ನ ಗಂಡನಿಗೆ ಮಾವನ ಪರವಾಗಿ ನಾನೇ ಹೇಳಬೇಕು. ಈ ಮನೆಯಲ್ಲಿ ಒಂದು ಲೋಟ ಕಾಫಿ ಕೂಡ ನೆಮ್ಮದಿಯಾಗಿ ಕುಡಿಯಲಾಗದು.

ಮುಂದಿನ ವಾರ ನಿಖಿತಾ ನನ್ನನ್ನು ಹೆಚ್ಚು ಹೊತ್ತು ಮಾತಾಡಲು ಬಿಟ್ಟಳು. ನಿಮ್ಮ ಬಗ್ಗೆ ಹೇಳಿ ಅಂದಳು. ನಾನು ಕೊಟ್ಟಿಗೆಯಿಂದ ಹಿಡಿದು ಟ್ಯಾಂಕರ್‌ವರೆಗೆ ಎಲ್ಲ ಹೇಳಿದೆ. ಅವಳು ಕನ್ನಡಕ ಸರಿಮಾಡಿಕೊಂಡಳು.

"ಮೇಡಂ, ನಾನು ನಿಮ್ಮ ಬಗ್ಗೆ ಕೇಳ್ದೆ. ನೀವು ಅವರಿಬ್ಬರ ಬಗ್ಗೆ ಹೇಳಿದ್ರಿ. ಪರವಾಗಿಲ್ಲ. ಒಂದು ವಿಷಯ ಹೇಳಿ. ಆ ಮನೇಲಿ ನಿಮ್ಮ ಹತ್ರ ಯಾರು ಮಾತಾಡ್ತಾರೆ? ಇನ್ನೊಬ್ರಿಗೆ ಮುಟ್ಟಿಸ್ಲಿ ಅಂತಲ್ಲ. ನಿಮಗೇ ಅಂತ."

ನಾನು ಟ್ಯಾಂಕಿನ ಕಡೆ ನೋಡಿದೆ. ಬಟ್ಟೆ ಕೊಡವುತ್ತಿದ್ದ ಬಾಡಿಗೆಯವರ ಕೈ ಕೂಡ ನಿಂತಿತ್ತು. ಹೇಳಲು ಒಂದು ಹೆಸರಾದರೂ ಸಿಕ್ಕೀತೆಂದು ಹುಡುಕಿದೆ, ಸಿಗಲಿಲ್ಲ. ಆ ಹುಡುಗಿಯ ಮೇಲೆ ಎಷ್ಟು ಸಿಟ್ಟು ಬಂತೆಂದರೆ ನೆಟ್‌ವರ್ಕ್ ಸರಿಯಿಲ್ಲ ಎಂದು ಹೇಳಿ ಕಟ್ ಮಾಡೋಣ ಅನ್ನಿಸಿತು.

"ಈ ವಾರದ ಗೋಲ್ ಇದೇ ಇಟ್ಕೊಳೋಣ. ಅವರ ಮಾತನ್ನ ಇವರಿಗೆ, ಇವರ ಮಾತನ್ನ ಅವರಿಗೆ, ಒಂದನ್ನೂ ದಾಟಿಸ್ಬೇಡಿ. ಜಗಳ ಬೇಡ, ಸಿಟ್ಟು ಬೇಡ. 'ಅದನ್ನ ನೀವೇ ಹೇಳಿ.' ಅಷ್ಟೇ. ಎಲ್ಲಿ, ಒಂದ್ಸಲ ಹೇಳಿ ನೋಡೋಣ."

"ಅದನ್ನ ನೀವೇ ಹೇಳಿ," ಅಂದೆ.

"ಸ್ವಲ್ಪ ಗಟ್ಟಿಯಾಗಿ."

ಮಾರನೇ ದಿನ ಬೆಳಿಗ್ಗೆ ದೋಸೆ ಹಾಕುತ್ತ, ಇನ್ನು ಮುಂದೆ ನಾನು ಮಾತು ದಾಟಿಸುವುದಿಲ್ಲ, ಏನಿದ್ದರೂ ನೀವಿಬ್ಬರೇ ಆಡಿಕೊಳ್ಳಿ ಎಂದು ಹೇಳಿಬಿಟ್ಟೆ. ಇಬ್ಬರೂ ತಟ್ಟೆಯಿಂದ ಕೈ ತೆಗೆದರು.

"ಯಾಕಮ್ಮ, ನಮ್ಮಿಂದೇನಾದ್ರೂ ತಪ್ಪಾಯ್ತಾ?" ಎಂದು ಮಾವ ಕೇಳಿದರು.

"ತಪ್ಪೇನೂ ಆಗಿಲ್ಲ ಅಂತ ಹೇಳು ಅಪ್ಪಂಗೆ," ಎಂದು ನನ್ನ ಗಂಡ ಹೇಳಿದರು.

ನಾನು ಎರಡು ದೋಸೆ ಸೀದು ಹೋಗುವ ತನಕ ಗೋಡೆ ನೋಡುತ್ತ ನಿಂತೆ. ಆ ವಾರ ಹೇಗಿತ್ತೆಂದು ಕೇಳಬೇಡಿ. ಮಾವ ಟಿ.ವಿ.ಯಲ್ಲಿ ವಾರ್ತೆ ಓದುವವಳ ಜೊತೆ ಮಾತಾಡಲು ಶುರು ಮಾಡಿದರು. "ನೋಡಮ್ಮ, ಇಲ್ಲಿ ಕರೆಂಟ್ ಬಿಲ್ ಬಂದು ಬಿದ್ದದೆ, ಯಾರೂ ನೋಡಂಗಿಲ್ಲ" ಎಂದು ಅವಳಿಗೆ ಜೋರಾಗಿ ಹೇಳುವರು. ನನ್ನ ಗಂಡ ಯಾರೂ ಇಲ್ಲದ ಫೋನನ್ನು ಕಿವಿಗಿಟ್ಟುಕೊಂಡು, "ಹೌದಪ್ಪಾ, ಬಿಲ್ಲು ನಾಳೆ ಕಟ್ತೀನಿ" ಅನ್ನುವರು. ಮೋಟರ್ ಆಫ್ ಮಾಡಿದ್ದೀರಾ ಎಂದು ಒಬ್ಬರನ್ನೊಬ್ಬರು ಕೇಳದೆ ಟ್ಯಾಂಕು ತುಂಬಿ, ತಾರಸಿಯಿಂದ ನೀರು ಸುರಿದು, ಬಾಡಿಗೆಯವರ ಒಣಗಿದ ಬಟ್ಟೆಯೆಲ್ಲ ಮತ್ತೆ ಒದ್ದೆಯಾಯಿತು. ಅವರು ಬಂದು ಜಗಳವಾಡಿದ್ದು ನನ್ನ ಹತ್ತಿರ.

ಮುಂದಿನ ಸೆಷನ್ನಿಗೆ ಮಾವ ಮೆಟ್ಟಿಲು ಹತ್ತಿ ಬಂದೇ ಬಿಟ್ಟರು. ಮೇಲುಸಿರು ಬಿಡುತ್ತ ನನ್ನ ಫೋನಿನ ಮುಂದೆ ಬಗ್ಗಿ ಕೈಮುಗಿದರು. ಸೊಸೆ ಈ ಕೆಲಸ ಬಿಟ್ಟು ಇನ್ನೊಬ್ಬರನ್ನು ಗೊತ್ತು ಮಾಡಿದ್ದಾಳೆ ಎಂದು ಅವರು ತಿಳಿದುಕೊಂಡಿದ್ದರು.

"ಮೇಡಮ್ಮೋರೇ, ಇನ್ಮೇಲೆ ನೀವೇ ಅಂತಲ್ಲ? ನಮ್ ಉಡುಗ್ನಿಗೆ ಒಂದ್ ಮಾತು ಯೋಳ್ಬೇಕಿತ್ತು. ಅಂಗ್ಡಿ ಮುಂದೆ ಪೈಪು ಅಡ್ಡ ಇಟ್ಟವ್ನೆ, ಜನ ಎಡವ್ತಾರೆ. ತಗ್ಸು ಅನ್ನಿ."

"ಓಕೆ ಅಂಕಲ್, ನಾನು ಅವರಿಗೆ..." ಎಂದಳು ನಿಖಿತಾ. ಅಷ್ಟರಲ್ಲಿ ಎಚ್ಚೆತ್ತು ಬಾಯಿ ಮುಚ್ಚಿಕೊಂಡಳು. ಎಂಥ ಓದಿದವರನ್ನೂ ಮಾವ ಒಂದೇ ನಿಮಿಷದಲ್ಲಿ ಕೆಲಸಕ್ಕೆ ಹಚ್ಚುತ್ತಾರೆ ಎಂದು ಆಗ ನನಗೆ ಒಂದಿಷ್ಟು ಸಮಾಧಾನವಾಯಿತು.

ಇಷ್ಟಾಗಿದ್ದರೆ ನಗೆಯಲ್ಲೇ ಮುಗಿಯುತ್ತಿತ್ತು. ಆದರೆ ಆ ಗುರುವಾರ ನನ್ನ ಗಂಡ ಅಡುಗೆಮನೆಗೆ ಬಂದು ದನಿ ತಗ್ಗಿಸಿ ಹೇಳಿದರು. "ಸೋಮವಾರ ಮೇಸ್ತ್ರಿ ಬರ್ತಾನೆ. ಮುಂದಿನ ಜಗಲಿ ಒಡೆದ್ರೆ ಕಾರು ಒಳಗೆ ಬರುತ್ತೆ. ಅಪ್ಪಂಗೆ ಹೇಳ್ಬಿಡು."

ಆ ಜಗಲಿ ಮಾವನ ಅಪ್ಪ ಹಾಕಿಸಿದ ಕಲ್ಲುಚಪ್ಪಡಿಯದು. ಮಾವ ಬೆಳಗಿನ ಕಾಫಿ ಕುಡಿಯುವುದು, ಹೋಗಿಬರುವವರನ್ನು ನಿಲ್ಲಿಸಿ ಏನ್ ಸಮಾಚಾರ ಅನ್ನುವುದು, ಮಧ್ಯಾಹ್ನ ಟವೆಲ್ ಹಾಸಿ ಮಲಗುವುದು, ಎಲ್ಲ ಅದರ ಮೇಲೆ. ಕೊಟ್ಟಿಗೆ ಹೋದಾಗ ಮಾತು ಬಿಟ್ಟವರು ಜಗಲಿ ಹೋದರೆ ಮನೆ ಬಿಡುತ್ತಾರೆ. ಅದರಲ್ಲಿ ನನಗೆ ಅನುಮಾನವೇ ಇರಲಿಲ್ಲ. ಮೊದಲೇ ದೇವನಹಳ್ಳಿಯ ಮಗಳು ಬಾ ಬಾ ಎಂದು ಕರೆಯುತ್ತಿದ್ದಳು.

ನಾನೇ ಹೇಳಿದ್ದರೆ ಹೇಗಾದರೂ ಮಾಡಿ ನುಣ್ಣಗೆ ಮಾಡಿ ಹೇಳುತ್ತಿದ್ದೆ. ನಿಮಗೆ ಒಳಗೆ ಒಳ್ಳೇ ಕುರ್ಚಿ ತರ್ತಾರಂತೆ ಮಾವ, ನಿಮ್ಮ ಮೊಣಕಾಲಿಗೆ ಕಲ್ಲು ತಣ್ಣಗಾಗುತ್ತೆ ಅಂತ ಅವರಿಗೆ ಯೋಚನೆಯಂತೆ, ಹೀಗೆ ಏನಾದರೂ. ಮಾತು ನಾಲಿಗೆಯ ತುದಿಯಲ್ಲಿತ್ತು. ಆದರೆ ಬಾಯಿಂದ ಬಂದದ್ದು ಪಾಠ ಮಾಡಿಸಿದ ವಾಕ್ಯ.

"ಅದನ್ನ ನೀವೇ ಹೇಳಿ."

ಅವರು ನನ್ನನ್ನು ಒಂದು ಕ್ಷಣ ನೋಡಿ ಹೊರಟುಹೋದರು. ಶುಕ್ರವಾರ ಹೇಳಲಿಲ್ಲ. ಶನಿವಾರ ಹೇಳಲಿಲ್ಲ. ಭಾನುವಾರ ಮಾವ ಜಗಲಿಯನ್ನು ನೀರು ಹಾಕಿ ತೊಳೆದು, "ಎಂಗೈತೆ ನೋಡಮ್ಮ, ಕಲ್ಲು ಒಸಾದಂಗೆ" ಅಂದಾಗ ನನಗೆ ತಡೆಯಲಾಗಲಿಲ್ಲ. ತಾರಸಿಗೆ ಓಡಿ ನಿಖಿತಾಗೆ ವಿಡಿಯೊ ಕಾಲ್ ಮಾಡಿದೆ. ಭಾನುವಾರವಾದರೂ ಎತ್ತಿದಳು.

"ಮೇಡಂ, ನಿಮ್ಮ ಗೋಲ್ ಹಾಳಾಗಿ ಹೋಗ್ಲಿ. ನಮ್ಮ ಮನೆ ಒಡೆಯುತ್ತೆ. ನಾನು ಒಂದ್ ಮಾತು ಹೇಳಿದ್ರೆ ನಿಲ್ಲುತ್ತೆ. ಹೇಳ್ಲಾ?"

"ಹೇಳ್ಬೇಡಿ ಅನ್ನೋಕೆ ನನಗೆ ಹಕ್ಕಿಲ್ಲ ಮೇಡಂ. ಆದ್ರೆ ಆ ಮಾತು ನಿಮ್ಮದಲ್ಲ. ನೀವು ಹೇಳಿದ್ರೆ ಅವರು ಈ ಜನ್ಮದಲ್ಲಿ..." ಅನ್ನುವಾಗ ಅವಳ ಮನೆಯೊಳಗಿಂದ ಒಂದು ಹೆಂಗಸಿನ ದನಿ ಕೇಳಿತು. "ನಿಖೀ, ನಿಮ್ಮಪ್ಪನಿಗೆ ಹೇಳೇ, ಊಟ ಆರಿ ಹೋಗ್ತಿದೆ ಅಂತ."

ಅವಳು ಪರದೆಯಿಂದ ಎದ್ದು ಹೋದಳು. ಮೈಕು ಆಫ್ ಮಾಡಲು ಮರೆತಿದ್ದಳು. "ಅಪ್ಪಾ, ಅಮ್ಮ ಊಟಕ್ಕೆ ಬರ್ಬೇಕಂತೆ" ಎಂಬ ಮಾತು ನನಗೆ ಸ್ಪಷ್ಟವಾಗಿ ಕೇಳಿಸಿತು. ಹಿಂದಿರುಗಿ ಬಂದು ಕೂತವಳು ನನ್ನ ಮುಖ ನೋಡಿದಳು. ಅವಳ ಮುಖ ಕೆಂಪಾಗಿತ್ತು. ನಾನು ಏನೂ ಕೇಳಿಸಲಿಲ್ಲವೆಂಬಂತೆ ಟ್ಯಾಂಕಿನ ಮುಚ್ಚಳ ನೋಡುತ್ತಿದ್ದೆ. ಅವತ್ತಿನಿಂದ ಅವಳ ಮೇಲಿನ ಸಿಟ್ಟು ಇಳಿಯಿತು.

ಸೋಮವಾರ ಬೆಳಿಗ್ಗೆ ಮೇಸ್ತ್ರಿ ಹಾರೆ, ಸುತ್ತಿಗೆ ತಂದು ಗೇಟಿನ ಹತ್ತಿರ ಇಟ್ಟ. ಮಾವ ಜಗಲಿಯ ಮೇಲೆ ಕಾಫಿ ಹಿಡಿದು ಕೂತಿದ್ದರು.

"ಯಜಮಾನ್ರೇ, ಸ್ವಲ್ಪ ಆ ಕಡೆ ಬನ್ನಿ. ಇದನ್ನ ಒಡೀಬೇಕು."

"ಯಾವ್ದನ್ನ?"

"ಇದೇ, ಜಗಲೀನ. ಮಂಜಣ್ಣ ಹೇಳಿದಾರೆ."

ಮಾವ ಲೋಟ ಕೆಳಗಿಟ್ಟರು. ಬಾಗಿಲಲ್ಲಿ ನಿಂತಿದ್ದ ನನ್ನ ಕಡೆ ತಿರುಗಿದರು. "ಅವ್ನಿಗೆ ಯೋಳಮ್ಮ..." ಎಂದು ಶುರು ಮಾಡಿ ಅಲ್ಲೇ ನಿಲ್ಲಿಸಿದರು. ನನ್ನ ಹಿಂದೆ ಚಪ್ಪಲಿ ಹಾಕಿಕೊಳ್ಳುತ್ತಿದ್ದ ನನ್ನ ಗಂಡ, "ಅಪ್ಪಂಗೆ ಹೇಳು..." ಎಂದು ಶುರು ಮಾಡಿದವರೂ ನಿಲ್ಲಿಸಿದರು. ಇಬ್ಬರೂ ನನ್ನ ಮುಖವನ್ನೇ ನೋಡುತ್ತಿದ್ದರು. ಬಾಗಿಲಿನಿಂದ ಪಕ್ಕಕ್ಕೆ ಸರಿದು ನಿಂತೆ, ಅಷ್ಟೇ ನನ್ನಿಂದ ಆದದ್ದು. ನಡುವೆ ನಾನಿಲ್ಲದೆ ಅವರಿಬ್ಬರೂ ಒಬ್ಬರಿಗೊಬ್ಬರು ನೇರ ಕಂಡರು.

"ಇದನ್ನೂ ಒಡೀತೀಯೇನ್ಲಾ?" ಅಂದರು ಮಾವ.

ಮೇಸ್ತ್ರಿಗೆ ಇದು ಸಾಧಾರಣ ಮಾತು. ನನಗೆ, ಇಷ್ಟು ವರ್ಷದಲ್ಲಿ ಮಾವ ಮಗನಿಗೆ ನೇರವಾಗಿ ಆಡಿದ ಮೊದಲ ಮಾತು. ಆಮೇಲೆ ಇಬ್ಬರ ಬಾಯಿಗೂ ತಡೆ ಇರಲಿಲ್ಲ. ಹಸು ಇಲ್ಲದ ಕೊಟ್ಟಿಗೆ ಇಟ್ಟುಕೊಂಡು ಏನು ಮಾಡುತ್ತಿದ್ದೆ ಎಂದು ಇವರು. ಕೇಳದೆ ಕೆಡವಿದ್ದು ಕಳ್ಳತನ ಎಂದು ಅವರು. ನಾನು ಇಷ್ಟು ವರ್ಷ ಹಿಡಿದಿಟ್ಟುಕೊಂಡಿದ್ದ ಕತ್ತೆ, ಮುದುಕ ಎಲ್ಲ ಈಗ ನೇರವಾಗಿ ಓಡಾಡಿದವು. ಬಾಡಿಗೆಯವರು ಮೇಲಿನಿಂದ ಬಗ್ಗಿ ನೋಡಿದರು. ದೀಪಾ ಇಯರ್‌ಫೋನ್ ತೆಗೆದಳು.

ಕೊನೆಗೆ ನನ್ನ ಗಂಡನ ದನಿ ಒಡೆಯಿತು. "ಕೊಟ್ಟಿಗೆ ವಿಷ್ಯ ಮುಗೀತು ಅಂತ ನಾನು ಅಂದ್ಕೊಂಡಿದ್ದೆ ಕಣಪ್ಪಾ. ಹೆಬ್ಬಾಳದ ಫ್ಲೈಓವರ್ ಕೆಳಗೆ ಬೈಕಿಂದ ಬಿದ್ದು ನಾನು ಆಸ್ಪತ್ರೇಲಿದ್ದಾಗ ನೀನು ವಾರ್ಡಿಗೆ ಬರ್ಲಿಲ್ಲ, ಕೆಳಗೇ ಕೂತಿದ್ದೆ. ಆದ್ರೆ ಹೇಳಿ ಕಳಿಸಿದ್ದೆ. 'ಕೊಟ್ಟಿಗೆ ಹೋದ್ರೆ ಹೋಗ್ಲಿ, ಮಗ ಎದ್ದು ಓಡಾಡಿದ್ರೆ ಸಾಕು' ಅಂತ. ಅದನ್ನ ಕೇಳೇ ನಾನು ಅವತ್ತು ಕಾಲು ಕೆಳಗಿಟ್ಟಿದ್ದು. ಸುಳ್ಳೇನಪ್ಪಾ ಅದು?"

ಮಾವ ಆ ದಿನ ಆಸ್ಪತ್ರೆಯ ಕೆಳಗಿನ ಬೆಂಚಿನ ಮೇಲೆ ಕೂತು ಹೇಳಿದ್ದು ಒಂದೇ ಮಾತು. "ಎಲ್ಮೆಟ್ ಆಕ್ಕೊಂಡಿರ್ಲಿಲ್ವಾ ಕೇಳು ಆ ಕತ್ತೇನ." ನಾನು ಮೆಟ್ಟಿಲು ಹತ್ತಿ ವಾರ್ಡಿಗೆ ಹೋಗಿ, ಮಂಚದ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ ಇವರನ್ನು ನೋಡುವಷ್ಟರಲ್ಲಿ ಆ ಮಾತು ಬೇರೆಯಾಗಿತ್ತು.

ಮಾವ ಮಗನನ್ನು ನೋಡಲಿಲ್ಲ. ನನ್ನನ್ನು ನೋಡಿದರು. ನಾನು ತಲೆ ತಗ್ಗಿಸಿ ನಿಂತೆ. ಈಗ ಇಷ್ಟು ವರ್ಷದ ಎಲ್ಲ ಒಳ್ಳೆಯ ಮಾತುಗಳೂ ಒಟ್ಟಿಗೆ ಕುಸಿಯುತ್ತವೆ ಎಂದು ಹೆದರಿ ಸೆರಗು ಹಿಂಡುತ್ತಿದ್ದೆ.

"ಊಂ," ಅಂದರು ಮಾವ ಮಗನ ಕಡೆ ತಿರುಗಿ. "ಸುಳ್ಳಲ್ಲ. ಅಂದಿದ್ದೆ."

ನನ್ನ ಗಂಡ ಜಗಲಿಯ ತುದಿಯಲ್ಲಿ ಕುಸಿದು ಕೂತರು. ಮೇಸ್ತ್ರಿ ತಲೆ ಕೆರೆದುಕೊಂಡು, "ಒಡೀಲಾ, ಬೇಡ್ವಾ ಅಣ್ಣ?" ಎಂದ. "ಇರಯ್ಯ ನೀನು" ಎಂದು ಇಬ್ಬರೂ ಒಟ್ಟಿಗೆ ಗದರಿದರು.

ಜಗಲಿ ಅರ್ಧ ಉಳಿದಿದೆ, ಕಾರು ಅರ್ಧ ಒಳಗೆ ಬರುತ್ತದೆ. ಈಗ ಇಬ್ಬರೂ ನೇರವಾಗಿಯೇ ಮಾತಾಡುತ್ತಾರೆ, ಅಂದರೆ ಬೆಳಗಿನಿಂದ ಸಂಜೆಯವರೆಗೆ ಕಿತ್ತಾಡುತ್ತಾರೆ. ನನಗೆ ತಲೆನೋವು ಕಡಿಮೆಯಾಗಿದೆ, ಕಿವಿನೋವು ಬಂದಿದೆ.

ಆ ಸೋಮವಾರ ಮೇಸ್ತ್ರಿಯನ್ನು ಕಳಿಸಿ, ಗಂಡ ಅಂಗಡಿಗೆ ಹೋದಮೇಲೆ, ಮಾವ ಖಾಲಿ ಲೋಟ ಹಿಡಿದು ಅಡುಗೆಮನೆಯ ಬಾಗಿಲಿಗೆ ಬಂದರು. ಲೋಟವನ್ನು ಕಟ್ಟೆಯ ಮೇಲಿಟ್ಟು ಅಲ್ಲೇ ನಿಂತರು.

"ಅವತ್ತು ಆಸ್ಪತ್ರೇಲಿ ನಾನು ಅಂಗೆ ಅಂದಿರ್ಲಿಲ್ಲ ಅಲ್ವಮ್ಮ?"

"ಇಲ್ಲ ಮಾವ."

ಅವರು ಲೋಟವನ್ನು ಕಟ್ಟೆಯ ಒಳಕ್ಕೆ ಸರಿಸಿಟ್ಟರು.

"ಅನ್ಬೇಕಾಗಿತ್ತು ಕಣಮ್ಮ," ಅಂದರು.

ನಾನು ಅಭ್ಯಾಸಬಲದಿಂದ ಸೆರಗಿಗೆ ಕೈ ಒರೆಸಿಕೊಂಡು, ಇದನ್ನು ಗಂಡನಿಗೆ ಫೋನ್ ಮಾಡಿ ಹೇಳಬೇಕೆಂದು ಹೊರಟೆ. ಬಾಗಿಲ ತನಕ ಹೋಗಿ ನಿಂತೆ. ಮಾವ ಯಾರಿಗೂ ಹೇಳು ಅಂದಿರಲಿಲ್ಲ. ನನಗೆ ಹೇಳಿದ್ದರು.